ಕಂಬಿಗೆ ಎಷ್ಟು ಬೆರಳು ಹೊದಿಕೆ?

ತುಕ್ಕು ಅನ್ನೋದು ನಮ್ಮ ಸೀಮೆಗೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರಲ್ಲೇ ಅದು ಇದೆ. ಬೆಟ್ಟದ ಆ ಕೆಂಪು ಮಣ್ಣು ಅಂದರೆ ಗಾಳಿ ನೀರಿನ ಜೊತೆ ಕೂಡಿ ಕೂತ ಕಬ್ಬಿಣ. 1918ರಲ್ಲಿ ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿದಾಗ ಈ ಬೆಟ್ಟದ ಅದಿರನ್ನೇ ನೆಚ್ಚಿಕೊಂಡಿತ್ತು. ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನ ಬೆಂಕಿಯಲ್ಲಿ ಬೆಟ್ಟವನ್ನು ಕರಗಿಸಿ 1923ರಲ್ಲಿ ಕಬ್ಬಿಣ ಇಳಿಸಿದರು. ಮಣ್ಣಿಂದ ಕಬ್ಬಿಣ ಬಿಡಿಸೋದಕ್ಕೆ ಕಾಡಿಗೆ ಕಾಡೇ ಉರಿಯಬೇಕಾಯಿತು. ಕಬ್ಬಿಣ ಮತ್ತೆ ಮಣ್ಣಾಗೋದಕ್ಕೆ ಅಂಥಾದ್ದೇನೂ ಬೇಡ. ಒಂದಿಷ್ಟು ನೀರು, ಒಂದಿಷ್ಟು ಗಾಳಿ ಸಾಕು.

ಪದ್ಯ ಬರೆಯೋಳು ನೀನು, ಈ ಕಾಂಕ್ರೀಟಿನ ಪುರಾಣ ನಿನಗ್ಯಾಕೆ ಅಂತ ಗೆಳೆಯರು ಕೇಳಿದರು. ನಮ್ಮಪ್ಪ ಫ್ಯಾಕ್ಟರಿಗಳಲ್ಲಿ ಕೆಟ್ಟ ಕಾಂಕ್ರೀಟು ಒಡೆಯೋ ಕೂಲಿ. ನಮ್ಮವ್ವ ಕಡೂರಿನ ಸುತ್ತಮುತ್ತ ಹೊಸ ಕಾಂಕ್ರೀಟಿಗೆ ನೀರು ಹೊಡೆಯೋ ಕೂಲಿ. ಅವ್ವ ಉಳಿಸೋಕೆ ಹೋಗ್ತಾಳೆ, ಅಪ್ಪ ಉಳಿಯದೇ ಹೋದದ್ದನ್ನು ಕೆಡವೋಕೆ ಹೋಗ್ತಾನೆ. ಇವರಿಬ್ಬರ ಕೂಲಿಯಲ್ಲಿ ನನ್ನ ಕಾಲೇಜಿನ ಫೀಸು ಹುಟ್ಟಿತು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಒಂದು ಕಾಗದ ತಂದವಳು ನಾನೇ ಮೊದಲು, ಅದರಲ್ಲಿ ರಸಾಯನಶಾಸ್ತ್ರವೂ ಒಂದು ವಿಷಯ. ಮನೆಯ ಅನ್ನಕ್ಕೆ ಸಂಬಂಧಪಟ್ಟ ರಸಾಯನವನ್ನು ನಾನಲ್ಲದೆ ಇನ್ಯಾರು ಓದಬೇಕು?

ಮೊದಲು ಅದರ ಗುಟ್ಟು ಹೇಳುತ್ತೇನೆ. ಕಾಂಕ್ರೀಟಿನೊಳಗಿನ ಕಂಬಿ ಬರೀ ಮುಚ್ಚಿಟ್ಟದ್ದಕ್ಕೆ ತುಕ್ಕು ಹಿಡಿಯದೆ ಇರೋದಲ್ಲ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಹುಟ್ಟುತ್ತೆ. ಅದು ಬಲವಾದ ಕ್ಷಾರ, ಪಿ.ಎಚ್. ಲೆಕ್ಕದಲ್ಲಿ ಹನ್ನೆರಡೂವರೆಯ ಮೇಲೆ. ಅಂಥ ಕ್ಷಾರದಲ್ಲಿ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತೆ. ಆ ಪೊರೆ ಇರೋ ತನಕ ತುಕ್ಕು ಹತ್ತಿರ ಸುಳಿಯೋದಿಲ್ಲ. ಆದರೆ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಒಳಕ್ಕೆ ತೆವಳುತ್ತಾ ಬಂದು ಸುಣ್ಣವನ್ನು ಸುಣ್ಣಕಲ್ಲು ಮಾಡುತ್ತಾ ಹೋಗುತ್ತೆ. ಕ್ಷಾರ ಒಂಬತ್ತಕ್ಕಿಂತ ಕೆಳಗಿಳಿಯುತ್ತೆ. ಅದು ಕಂಬಿಯ ಬುಡಕ್ಕೆ ಬಂದ ದಿನ ಪೊರೆ ಹೋಯಿತು. ಉಪ್ಪಿನೊಳಗಿನ ಕ್ಲೋರೈಡಂತೂ ಇಷ್ಟು ಕಾಯೋದೂ ಇಲ್ಲ, ಕ್ಷಾರ ಇದ್ದ ಹಾಗೇ ಪೊರೆಗೆ ತೂತು ಹಾಕುತ್ತೆ. ಗೋವಾದ ಮಾಂಡೋವಿ ಹೊಳೆಯ ಸೇತುವೆ 1986ರ ಜುಲೈ 5ರಂದು ಕುಸಿದು ಬಿತ್ತು. ಸಮುದ್ರದ ಉಪ್ಪುಗಾಳಿಯಲ್ಲಿ ಅದರೊಳಗಿನ ಬಿಗಿದ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು. ಕಟ್ಟಿ ಎರಡು ದಶಕವೂ ತುಂಬಿರಲಿಲ್ಲ.

ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ. ಒಳಗೆ ಜಾಗ ಎಲ್ಲಿದೆ? ಹಾಗಾಗಿ ತನ್ನನ್ನು ಹೊದ್ದ ಕಾಂಕ್ರೀಟನ್ನೇ ಒಳಗಿಂದ ಒದ್ದು ಸೀಳುತ್ತೆ. ಮೊದಲು ಕಂಬಿಯ ಉದ್ದಕ್ಕೂ ಕೂದಲಿನಂಥ ಬಿರುಕು, ಆಮೇಲೆ ಕಂದು ಕಲೆ, ಆಮೇಲೆ ಗಾಯದ ಹಕ್ಕಳೆ ಏಳೋ ಹಾಗೆ ಏಳುತ್ತೆ.

ಇದನ್ನು ಹೇಳಿದರೆ ಕೆಲವರು, ‘ಹಳಬರು ಕಟ್ಟಿದ್ದು ನೋಡಿ, ಅಮೃತಾಪುರದ ಗುಡಿ ಹೇಗೆ ನಿಂತಿದೆ’ ಅಂತಾರೆ. ನಿಂತಿದೆ, ನಿಜ. 1196ರಲ್ಲಿ ಕಟ್ಟಿದ ಹೊಯ್ಸಳರ ಕಲ್ಲು ಎಂಟು ನೂರು ವರ್ಷ ದಾಟಿ ತರೀಕೆರೆಯ ಪಕ್ಕದಲ್ಲಿ ನಿಂತಿದೆ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ನಿಂತ ಕಟ್ಟಡ ಅದು, ಒಳಗೆ ಕಂಬಿಯ ಹಂದರ ಇಲ್ಲ. ಕಂಬಿ ಇಲ್ಲದ ಕಡೆ ತುಕ್ಕು ಏನನ್ನು ತಿನ್ನಬೇಕು? ಆದರೆ ಅಂಥ ಕಲ್ಲಿನಲ್ಲಿ ಫ್ಯಾಕ್ಟರಿಯ ಶೆಡ್ಡು ಏಳೋದಿಲ್ಲ, ನೀರಿನ ಓವರ್‌ಹೆಡ್ ಟ್ಯಾಂಕೂ ಏಳೋದಿಲ್ಲ. ಆ ಕಲ್ಲು ಹೊತ್ತ ಹೆಗಲುಗಳ ಲೆಕ್ಕವನ್ನೂ ಯಾವ ಶಾಸನವೂ ಬರೆದಿಡಲಿಲ್ಲ.

ಫ್ಯಾಕ್ಟರಿಯ ಗಾಳಿ ಊರಿನ ಗಾಳಿಯಲ್ಲ. ಲಿಂಗದಹಳ್ಳಿ ಕಡೆಯ ಕಾಫಿ ತೋಟಗಳಿಗೆ ಹೋಗಿ ಪಲ್ಪರ್ ತೊಟ್ಟಿ ನೋಡಿ. ಹಣ್ಣಿನ ಲೋಳೆ ಹುಳಿತು ಆಮ್ಲವಾಗುತ್ತೆ. ಅದು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಹೋಗಿ ತೊಟ್ಟಿಯ ನೆಲದಲ್ಲಿ ಜಲ್ಲಿ ಹಲ್ಲು ಕಿರಿದುಕೊಂಡಿರುತ್ತೆ. ಆ ಜಲ್ಲಿಯ ಮೇಲೆ ಬರಿಗಾಲಲ್ಲಿ ನಿಂತು ಬೀಜ ತೊಳೆಯೋರ ಅಂಗಾಲೂ ಹಾಗೇ ಇರುತ್ತೆ. ಗೊಬ್ಬರದ ಗೋದಾಮಿನಲ್ಲಿ ಒಡೆದ ಚೀಲದಿಂದ ಚೆಲ್ಲಿದ ಕೆಂಪು ಪೊಟ್ಯಾಶು ಮಳೆಗಾಲದ ತೇವ ಕುಡಿದು ಕರಗುತ್ತೆ. ಅದರಲ್ಲಿರೋದೂ ಕ್ಲೋರೈಡೇ, ಹಾಗಾಗಿ ಸಮುದ್ರ ನೋಡದ ಗೋದಾಮಿನ ಕಂಬಕ್ಕೂ ಸಮುದ್ರದ ರೋಗ ಬರುತ್ತೆ. ಅಮೋನಿಯಂ ಸಲ್ಫೇಟು ಇನ್ನೊಂದು ಬಗೆ. ಅದರ ಸಲ್ಫೇಟು ಸಿಮೆಂಟಿನೊಳಗೆ ಸೇರಿ ಹರಳುಗಟ್ಟಿ ಉಬ್ಬಿ ಒಡೆಯುತ್ತೆ. ಕಬ್ಬಿಣದ ಕಾರ್ಖಾನೆಗಳಲ್ಲಿ ತಗಡು ತೊಳೆಯೋ ಆಸಿಡ್ಡು, ಕಾಗದದ ಕಾರ್ಖಾನೆಗಳಲ್ಲಿ ಗಂಧಕದ ಗಾಳಿ ಮತ್ತು ಬಿಳಿ ಮಾಡೋ ಕ್ಲೋರಿನ್ನು. ಕಾರ್ಖಾನೆ ನಿಂತರೂ ತುಕ್ಕು ರಜಾ ಹಾಕೋದಿಲ್ಲ. 1936ರಲ್ಲಿ ಹುಟ್ಟಿದ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಕೆಲಸ ನಿಂತಿತು. ಹೀಗೆ ಎಲ್ಲೇ ಬೀಗ ಬಿದ್ದರೂ ಕೂಲಿಕಾರರು ಮನೆಗೆ ಹೋಗ್ತಾರೆ, ಮಳೆ ಮಾತ್ರ ಹಾಜರಿ ತಪ್ಪಿಸದೆ ಬರುತ್ತೆ.

ಈ ಓದಿಗೆ ನನ್ನನ್ನು ಹಚ್ಚಿದ್ದು ಅಪ್ಪನ ಬುತ್ತಿಚೀಲದಲ್ಲಿ ಬಂದ ಒಂದು ಕಾಗದ. ಅಪ್ಪ ಆಗ ರಿಪೇರಿ ಗ್ಯಾಂಗಿನಲ್ಲಿದ್ದ. ಅಜ್ಜಂಪುರದಲ್ಲಿ ರೈಲು ಹತ್ತಿ ರಾತ್ರಿಯೆಲ್ಲಾ ಹೋಗಬೇಕಾದ ದೂರದ ಒಂದು ಫ್ಯಾಕ್ಟರಿ. ಅದರ ಹೆಸರು ಇಲ್ಲಿ ಬೇಡ. ಆಸಿಡ್ಡಿನ ಶೆಡ್ಡಿನ ತಾರಸಿಯ ಹೊಟ್ಟೆಯಲ್ಲಿ ಸತ್ತ ಕಾಂಕ್ರೀಟನ್ನು ಒಡೆದು ಇಳಿಸೋ ಕೆಲಸ. ರೊಟ್ಟಿ ಸುತ್ತಿದ್ದ ಆ ಜೆರಾಕ್ಸು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಪಟ್ಟಿ ಇತ್ತು.

‘ಓದವ್ವ, ನಾನು ಒಡೆದಿದ್ದರ ಲೆಕ್ಕ ಇರಬೇಕು’ ಅಂದ.

ಓದಿದೆ. ಯಂತ್ರ ಇಟ್ಟು ನೋಡಿ, ಕಂಬಿಯ ಮೇಲೆ ಎಷ್ಟು ದಪ್ಪ ಕಾಂಕ್ರೀಟು ಇದೆ ಅಂತ ಅಳೆದಿದ್ದರು. ಪ್ರತಿ ಕಂಬಕ್ಕೂ ಒಂದು ನಂಬರು, ಪ್ರತಿ ತೊಲೆಗೂ ಒಂದು ನಂಬರು, ಎದುರಿಗೆ ಮಿಲಿಮೀಟರು: 12, 18, 9, 15. ಇದಕ್ಕೆ ಕವರ್ ಅಂತಾರೆ. ಕನ್ನಡದಲ್ಲಿ ಹೇಳೋದಾದರೆ ಹೊದಿಕೆ.

ಎಷ್ಟಿರಬೇಕಿತ್ತು ಅಂತ ಹುಡುಕಿಕೊಂಡು ಹೋದೆ. ಕಾಂಕ್ರೀಟಿಗೆ ಈ ದೇಶದಲ್ಲಿ ಒಂದು ಶಾಸ್ತ್ರಗ್ರಂಥ ಇದೆ, ಐ.ಎಸ್. 456 ಅಂತ. 1953ರಲ್ಲಿ ಮೊದಲು ಬಂದದ್ದು. ನಾನು ಓದಿದ್ದು 2000ನೇ ಇಸವಿಯಲ್ಲಿ ತಿದ್ದಿ ಬರೆದದ್ದು. ನಮ್ಮಲ್ಲಿ ಮನುಷ್ಯರಿಗೆ ಮಾಡಿದ ಹಾಗೆ ಅದರಲ್ಲಿ ಹವೆಗೂ ಐದು ಜಾತಿ ಮಾಡಿದಾರೆ: ಸೌಮ್ಯ, ಮಧ್ಯಮ, ತೀವ್ರ, ಅತಿ ತೀವ್ರ, ಪರಮ ತೀವ್ರ. ಒಂದೊಂದಕ್ಕೂ ಒಂದೊಂದು ಹೊದಿಕೆ: 20, 30, 45, 50, 75 ಮಿಲಿಮೀಟರು. ಕೊರೆಯೋ ಹೊಗೆ ಇರೋ ಜಾಗ ಅತಿ ತೀವ್ರದಲ್ಲಿ ಬರುತ್ತೆ. ಆಸಿಡ್ಡಿನಂಥ ರಾಸಾಯನಿಕ ನೇರ ಮೈಗೆ ತಾಗೋ ಜಾಗ ಪರಮ ತೀವ್ರದಲ್ಲಿ. ಅಪ್ಪ ಒಡೆದ ತೊಲೆಗೆ 50 ಇರಬೇಕಿತ್ತು, 9 ಇತ್ತು. ನೀರಿಗೂ ಲೆಕ್ಕ ಇದೆ. ಅತಿ ತೀವ್ರ ಹವೆಯಲ್ಲಿ ಸಿಮೆಂಟಿನ ತೂಕದ 0.45ರಷ್ಟು ನೀರು ದಾಟಬಾರದು. 50 ಕೆ.ಜಿ. ಮೂಟೆಗೆ ಇಪ್ಪತ್ತೆರಡೂವರೆ ಲೀಟರು, ಮರಳಿನ ತೇವವೂ ಅದರಲ್ಲೇ ಬಂತು. ಅದಕ್ಕಿಂತ ಹೆಚ್ಚು ಸುರಿದರೆ ಆ ನೀರು ಆರಿಹೋದ ಮೇಲೆ ಅದರ ಜಾಗವೆಲ್ಲಾ ರಂಧ್ರ.

9ಕ್ಕೂ 50ಕ್ಕೂ ಏನು ಮಹಾ, ಅಂಗೈ ದಪ್ಪದ ವ್ಯತ್ಯಾಸವೂ ಇಲ್ಲವಲ್ಲ ಅನ್ನಿಸಬಹುದು. ಇಂಗಾಲದ ಗಾಳಿ ಒಳಕ್ಕೆ ನಡೆಯೋದು ಕಾಲದ ವರ್ಗಮೂಲದ ಲೆಕ್ಕದಲ್ಲಿ. ಒಂದು ಬೆರಳು ದಪ್ಪ ದಾಟೋದಕ್ಕೆ 10 ವರ್ಷ ಹಿಡಿದರೆ, ಎರಡು ಬೆರಳು ದಾಟೋದಕ್ಕೆ 20 ವರ್ಷವಲ್ಲ, 40 ವರ್ಷ. ಹೊದಿಕೆ ಅರ್ಧವಾದರೆ ಆಯಸ್ಸು ಕಾಲು ಭಾಗಕ್ಕೆ ಇಳಿಯುತ್ತೆ. ಕಾಂಟ್ರ್ಯಾಕ್ಟರು ಉಳಿಸೋ ಒಂದು ಬೆರಳು ಕಾಂಕ್ರೀಟಿನಲ್ಲಿ ಇನ್ನೊಬ್ಬರ ಮೂವತ್ತು ವರ್ಷ ಹೋಗುತ್ತೆ.

ಆ ಬೆರಳು ಎಲ್ಲಿ ಹೋಯಿತು ಅಂತ ಅವ್ವನನ್ನು ಕೇಳಿದೆ.

‘ಅಯ್ಯೋ ಅದಾ! ಕಂಬಿ ಕೆಳಗೆ ಇಡೋಕೆ ಸಿಮೆಂಟಿನ ಬಿಲ್ಲೆ ಕೊಡಬೇಕು. ಕೊಡೋದಿಲ್ಲ. ಮೇಸ್ತ್ರಿ ಒಂದೊಂದು ಜಲ್ಲಿಕಲ್ಲು ಸಿಗಿಸಿ ಅಂತಾನೆ. ಸಿಗಿಸ್ತೀವಿ. ಆಮೇಲೆ ಅದರ ಮೇಲೇನೇ ಹತ್ತು ಜನ ಬಾಂಡ್ಲಿ ಹೊತ್ಕಂಡು ಓಡಾಡಬೇಕಲ್ಲ? ಕಲ್ಲು ಜಾರ್ತೈತೆ, ಕಂಬಿ ಹಲಗೆಗೆ ಕಚ್ಕಂತೈತೆ. ಸಾಹೇಬ್ರು ಬರೋದು ಮೋಲ್ಡ್ ಮುಗಿದ ಮೇಲೆ, ಪೂಜೆ ಹಣ್ಣು ತಿನ್ನೋಕೆ.’

ಮೋಲ್ಡು ಹಾಕಿದ ಮಾರನೇ ದಿನದಿಂದ ಅವ್ವನ ಕೆಲಸ. ಸಾಧಾರಣ ಸಿಮೆಂಟಿಗೆ ಕಡೇ ಪಕ್ಷ 7 ದಿನ ನೀರು ಆರಬಾರದು, ಬಿಸಿಲು ಒಣಹವೆಯಲ್ಲಿ 10 ದಿನ ಅಂತ ಅದೇ ಪುಸ್ತಕ ಹೇಳುತ್ತೆ. ನೀರು ಆರಿದರೆ ಮೊದಲು ಕೆಡೋದು ಮೇಲುಮೈ. ಹೊದಿಕೆ ಇರೋದೇ ಮೇಲುಮೈಯಲ್ಲಿ. ಅಂದರೆ ಒಂದು ಕಟ್ಟಡದ ಬಾಳಿಕೆ ಕಡೆಗೆ ಬಂದು ನಿಲ್ಲೋದು, ಆ ಸೈಟಿನಲ್ಲಿ ಎಲ್ಲರಿಗಿಂತ ಕಮ್ಮಿ ಕೂಲಿಯ ಹೆಂಗಸಿನ ಕೊಡದ ಮೇಲೆ. ಮಡಿಕೆ ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿತಾಟು ಸುತ್ತಿ ನೆನೆಸಬೇಕು. ಕಡೂರು ಬಯಲುಸೀಮೆ, ಬರದ ಸೀಮೆ. ಕುಡಿಯೋ ನೀರಿಗೆ ಟ್ಯಾಂಕರು ಕಾಯೋ ಊರಿನ ಹೆಂಗಸು ಬಿಸಿಲಲ್ಲಿ ಕಾಂಕ್ರೀಟಿಗೆ ನೀರು ಕುಡಿಸ್ತಾಳೆ. ಕಾಂಟ್ರ್ಯಾಕ್ಟರು ಮೂರನೇ ದಿನಕ್ಕೆ ‘ಸಾಕು, ಬೇರೆ ಸೈಟಿಗೆ ನಡಿ’ ಅಂತಾನೆ. ಉಳಿದ ದಿನಗಳ ಕೂಲಿ ಅವನಿಗೆ ಉಳಿಯಿತು. ಆ ದಿನಗಳ ರಂಧ್ರ ಕಟ್ಟಡಕ್ಕೆ ಉಳಿಯಿತು.

ಇಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅದನ್ನು ಎರಡು ಸಲ ಓದಿದೆ, ತಪ್ಪು ಓದಿದೆನೇನೋ ಅಂತ. ಕಂಬಿ ಇರೋ ಕಾಂಕ್ರೀಟಿಗೆ ಹಾಕೋ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಐ.ಎಸ್. 456 ಹೇಳುತ್ತೆ. ಮನುಷ್ಯರು ಕುಡಿಯೋ ನೀರಿನ ಪುಸ್ತಕ ಬೇರೆ, ಐ.ಎಸ್. 10500. 2012ರಲ್ಲಿ ತಿದ್ದಿದ ಆ ಪುಸ್ತಕದಲ್ಲಿ ಕ್ಲೋರೈಡು 250 ಇದ್ದರೆ ಒಳ್ಳೇದು ಅಂತ ಬರೆದು, ಪಕ್ಕದಲ್ಲಿ ಇನ್ನೊಂದು ಸಾಲು ಹಾಕಿದಾರೆ: ಬೇರೆ ನೀರಿನ ದಾರಿ ಇಲ್ಲದಿದ್ದರೆ 1000 ತನಕ ಆಗಬಹುದು. ಮನುಷ್ಯರ ಹೊಟ್ಟೆ ಬೇರೆ, ಕಂಬಿಯ ಮೈ ಬೇರೆ, ಎರಡೂ ಒಂದೇ ಲೆಕ್ಕವಲ್ಲ ಅನ್ನೋದು ನನಗೂ ಗೊತ್ತು. ಆದರೂ ಕೇಳ್ತೀನಿ. ಬೇರೆ ನೀರಿನ ದಾರಿ ಇಲ್ಲದೋರು ಯಾವ ಕೇರಿಯೋರು? ಕಂಬಿಗೆ ‘ಬೇರೆ ದಾರಿ ಇಲ್ಲದಿದ್ದರೆ’ ಅನ್ನೋ ಸಾಲು ಯಾಕಿಲ್ಲ? ಕಂಬಿ ಕೆಟ್ಟರೆ ನಷ್ಟ ಬರೆಯೋದಕ್ಕೆ ಒಂದು ಪುಸ್ತಕ ಇದೆ, ಅದಕ್ಕೇ ಇರಬೇಕು.

ಭದ್ರಾವತಿಯಂಥ ಊದುಕುಲುಮೆಯಲ್ಲಿ ಕಬ್ಬಿಣ ಇಳಿದ ಮೇಲೆ ಮೇಲೆ ತೇಲೋ ಹೊಲಸಿಗೆ ಕಿಟ್ಟ ಅಂತ ಹೆಸರು. ಒಂದು ಕಾಲಕ್ಕೆ ಅದನ್ನು ಗುಡ್ಡೆ ಹಾಕಿ ಬಿಸಾಡ್ತಿದ್ದರು. ಅದೇ ಕಿಟ್ಟವನ್ನು ನೀರಲ್ಲಿ ಚಿಮ್ಮಿಸಿ ತಣಿಸಿ, ನುಣ್ಣಗೆ ಅರೆದು ಸಿಮೆಂಟಿಗೆ ಬೆರೆಸಿದರೆ ಕಾಂಕ್ರೀಟಿನ ರಂಧ್ರಗಳು ಕಿರಿದಾಗುತ್ತವೆ. ಕ್ಲೋರೈಡಿಗೂ ಸಲ್ಫೇಟಿಗೂ ಒಳಕ್ಕೆ ದಾರಿ ಕಷ್ಟವಾಗುತ್ತೆ. ಫ್ಯಾಕ್ಟರಿ ಹವೆಗೆ, ಸಮುದ್ರದ ಹವೆಗೆ ಕಿಟ್ಟದ ಸಿಮೆಂಟೇ ವಾಸಿ ಅಂತ ಈಗ ಇಂಜಿನಿಯರುಗಳೇ ಹೇಳ್ತಾರೆ. ಹೊಲಸು ಅಂತ ಊರಾಚೆ ಗುಡ್ಡೆ ಹಾಕಿದ್ದೇ ಊರಿನ ಕಂಬ ಕಾಯೋದಕ್ಕೆ ಬಂತು. ಇದರ ಅರ್ಥ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ಷರತ್ತು ಇದೆ. ಕಿಟ್ಟದ ಸಿಮೆಂಟು ನಿಧಾನವಾಗಿ ಗಟ್ಟಿಯಾಗೋದು. ಅದಕ್ಕೆ 7 ದಿನದ ನೀರು ಸಾಲದು, 10 ದಿನ ಬೇಕೇ ಬೇಕು, 14 ಆದರೆ ಒಳ್ಳೇದು. ಮೂರು ದಿನಕ್ಕೆ ಅವ್ವನನ್ನು ಎಬ್ಬಿಸಿದರೆ ಕಿಟ್ಟದ ಗುಣವೂ ಕೆಲಸಕ್ಕೆ ಬರೋದಿಲ್ಲ.

ಕೊಳಚೆ ನೀರಿನ ತೊಟ್ಟಿಗಳ ಕಥೆ ಇನ್ನೂ ಬೇರೆ. ಮುಚ್ಚಿದ ಚರಂಡಿಯಲ್ಲಿ, ಫ್ಯಾಕ್ಟರಿಯ ಹೊಲಸು ನೀರಿನ ಗುಂಡಿಯಲ್ಲಿ ಗಾಳಿಯಿಲ್ಲದ ಕಡೆ ಬದುಕೋ ಸೂಕ್ಷ್ಮಜೀವಿಗಳು ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡು ಹುಟ್ಟಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ. ಆ ಗಾಳಿ ಮೇಲೆದ್ದು ತೇವದ ಚಾವಣಿಗೆ ಅಂಟಿದರೆ, ಅಲ್ಲಿರೋ ಬೇರೆ ಸೂಕ್ಷ್ಮಜೀವಿಗಳು ಅದನ್ನು ಗಂಧಕದ ಆಮ್ಲ ಮಾಡುತ್ತವೆ. ಕಾಂಕ್ರೀಟು ಜಿಪ್ಸಮ್ಮಾಗಿ ಬಿಳೀ ಮುದ್ದೆಯ ಹಾಗೆ ಕಳಚುತ್ತೆ. 1945ರಲ್ಲಿ ಮೆಲ್ಬರ್ನಿನಲ್ಲಿ ಪಾರ್ಕರ್ ಅನ್ನೋ ವಿಜ್ಞಾನಿ ಈ ಜೀವಿಯನ್ನು ಹಿಡಿದು ತೋರಿಸಿ ‘ಕಾಂಕ್ರೀಟು ತಿನ್ನೋದು’ ಅನ್ನೋ ಅರ್ಥದ ಹೆಸರಿಟ್ಟ. ಆಮೇಲೆ ಗುಂಡಿಗಳಿಗೆ ಎಪಾಕ್ಸಿ ಬಳಿದರು, ಆಮ್ಲ ತಡೆಯೋ ಇಟ್ಟಿಗೆ ಕಟ್ಟಿದರು. ಗೋಡೆಗೆ ಅಂಗಿ ಬಂತು.

ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಮೋಸ ಏನೆಂದರೆ, ಹೆಚ್ಚಾದಾಗ ಅದು ಮೂಗನ್ನೇ ಸಾಯಿಸುತ್ತೆ. ವಾಸನೆ ಹೋಯಿತು ಅಂತ ಇಳಿದವನು ಮೇಲೆ ಬರೋದಿಲ್ಲ, ಎತ್ತೋಕೆ ಇಳಿದವನೂ ಬರೋದಿಲ್ಲ. 2013ರಲ್ಲಿ ಕಾನೂನು ಬಂತು, ರಕ್ಷಣೆಯಿಲ್ಲದೆ ಯಾರನ್ನೂ ಇಳಿಸಬಾರದು ಅಂತ. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಬೆಲೆ ಏರಿತು, ಇಳಿಯೋದು ನಿಲ್ಲಲಿಲ್ಲ. ಗುಂಡಿಯ ಗೋಡೆಗೆ ಏನು ಬಳಿಯಬೇಕು ಅಂತ ಟೆಂಡರಿನಲ್ಲಿ ಬರೀತಾರೆ. ಇಳಿಯೋನ ಸೊಂಟಕ್ಕೆ ಹಗ್ಗ ಅಂತ ಯಾರೂ ಬರೆಯೋದಿಲ್ಲ.

ಅಪ್ಪನ ಹೆಗಲಿನ ಮಾತು ಈಗ ಹೇಳಬೇಕು. ಕಾಂಕ್ರೀಟಿನ ರೋಗವನ್ನು ಅಪ್ಪ ಕಿವಿಯಿಂದ ಹಿಡೀತಿದ್ದ. ‘ಸುತ್ತಿಗೇಲಿ ತಟ್ಟಿದರೆ ಗಟ್ಟಿ ಇರೋ ಕಡೆ ಟಣ್ ಅಂತೈತೆ. ಸತ್ತಿರೋ ಕಡೆ ಪೊಳ್ಳು, ಬದ್ ಅಂತೈತೆ. ಮ್ಯಾಲೆ ನೋಡಿದ್ರೆ ಕಂಬಿ ಎಲ್ಲಾ ಬಡಕಲು ದನದ ಪಕ್ಕೆಲುಬಿನಂಗೆ ಕಾಣೋವು’ ಅಂತಿದ್ದ. ಯಂತ್ರ ಬರೋ ಮೊದಲೇ ಎಲ್ಲಿ ಒಡೀಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸ್ತಿದ್ದೋನು ಅವನೇ. ಒಂದು ದಿನ ಅವನು ಗುರುತು ಹಾಕದ ಜಾಗದಿಂದ ಒಂದು ಹಕ್ಕಳೆ ಕಳಚಿ ಬಲಹೆಗಲ ಮೇಲೆ ಬಿತ್ತು. ಕಾಂಟ್ರ್ಯಾಕ್ಟರು ಪಟ್ಟಿ ಹಾಕಿಸಿ, ಕೈಗೆ ಮೂರು ಸಾವಿರ ಇಟ್ಟು, ರೈಲು ಹತ್ತಿಸಿದ. ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರೇ ಇರಲಿಲ್ಲವಾದ್ದರಿಂದ ಆ ಫ್ಯಾಕ್ಟರಿಯಲ್ಲಿ ಅವತ್ತು ಯಾರಿಗೂ ಏನೂ ಆಗಲಿಲ್ಲ. ಈಗ ಆ ಕೈ ಹೆಗಲಿನ ಮಟ್ಟಕ್ಕಿಂತ ಮೇಲೆ ಏಳೋದಿಲ್ಲ. ಬುತ್ತಿಯ ಆ ಹಾಳೆಯಲ್ಲಿ ಕಂಬಗಳಿಗೆಲ್ಲಾ ನಂಬರಿತ್ತು ಅಂತ ಆಗಲೇ ಹೇಳಿದೆ.

ಕಂಬಿಗೆ ಹೊದಿಕೆ ಬೇಡ ಅಂತ ನಾನು ಹೇಳ್ತಿಲ್ಲ. ಪೂರ್ತಿ ಬೇಕು, ಒಂದು ಮಿಲಿಮೀಟರೂ ಕಮ್ಮಿ ಆಗಬಾರದು. ಕಂಬಿಯ ಹೊದಿಕೆ ಕದ್ದ ಕಡೆಯೇ ಕೂಲಿಯ ದಿನಗಳೂ ಕಳುವಾಗಿರುತ್ತವೆ, ಹಾಜರಿ ಪುಸ್ತಕದ ಹೆಸರುಗಳೂ ಕಳುವಾಗಿರುತ್ತವೆ. ಕಡೆಗೆ ಹಕ್ಕಳೆ ಬೀಳೋ ದಿನ ಅದರ ಕೆಳಗೆ ನಿಂತಿರೋದೂ ನಮ್ಮೋರೇ. ಅಜ್ಜಂಪುರದ ಹತ್ತಿರ ಭದ್ರಾ ಮೇಲ್ದಂಡೆಯ ನೀರಿಗೆ ಸುಮಾರು ಏಳು ಕಿಲೋಮೀಟರು ಸುರಂಗ ಕೊರೆದು ಕಾಂಕ್ರೀಟು ಹಾಕಿದಾರೆ. ನಮ್ಮ ಸೀಮೆಯಲ್ಲಿ ಇನ್ನು ಮೇಲೆ ಕಾಂಕ್ರೀಟು ಹೆಚ್ಚಾಗುತ್ತೆ, ಕಮ್ಮಿ ಆಗೋದಿಲ್ಲ. ಅದು ಎಷ್ಟು ಕಾಲ ಬಾಳಬೇಕು ಅನ್ನೋ ಲೆಕ್ಕ ಇಂಗ್ಲಿಷಿನಲ್ಲಿ, ಆಫೀಸಿನ ಬೀರುವಿನಲ್ಲಿ ಇದ್ದರೆ ಸಾಲದು. ಬಾಂಡ್ಲಿ ಹೊರೋರ ಬಾಯಲ್ಲಿ ಇರಬೇಕು.

ಅದಕ್ಕೇ ಒಂದು ರಟ್ಟಿನ ಮೇಲೆ ಆ ಐದು ಸಾಲು ಕನ್ನಡದಲ್ಲಿ ಬರೆದು ಅವ್ವನ ಗುಂಪಿನ ಹೆಂಗಸರಿಗೆ ಓದಿ ಹೇಳಿದೆ.

‘ಈ ಮಿಲಿಮೀಟರು ಗಿಲಿಮೀಟರು ನಮಗೆ ಬ್ಯಾಡ ಕಣವ್ವ. ಎಷ್ಟು ಬೆರಳು ಹೇಳು’ ಅಂದಳು ಅವ್ವ.

ಕೈ ಇಟ್ಟು ಅಳೆದೆವು. 20 ಅಂದರೆ ಒಂದು ಬೆರಳು. 30 ಅಂದರೆ ಒಂದೂವರೆ. 45, 50 ಅಂದರೆ ಮೂರು ಬೆರಳಿಗೆ ಚೂರು ಕಮ್ಮಿ. 75 ಅಂದರೆ ಮಟ್ಟಸವಾಗಿ ನಾಲ್ಕು. ಸಿಮೆಂಟಿನಲ್ಲಿ ದುಡಿದು ದಪ್ಪಗಾದ ಬೆರಳುಗಳು, ಲೆಕ್ಕ ಸರಿಯಾಗೇ ಬಂತು.

ಆಮೇಲೆ ಒಂದು ದಿನ ಕಡೂರಿನ ಹತ್ತಿರ ಒಂದು ಕೊಳಚೆ ನೀರಿನ ತೊಟ್ಟಿಗೆ ಗೋಡೆ ಎಬ್ಬಿಸ್ತಿದ್ದರು. ಕಾಂಕ್ರೀಟು ಸುರಿಯೋ ಮೊದಲು ಅವ್ವನ ಗುಂಪಿನ ಒಬ್ಬ ಹಿರಿಯ ಹೆಂಗಸು ಹಲಗೆಗೂ ಕಂಬಿಗೂ ನಡುವೆ ಕೈ ತೂರಿಸಿ ನೋಡಿ, ‘ಮೇಸ್ತ್ರಿ, ಇಲ್ಲಿ ಒಂದು ಬೆರಳೂ ಹೋಗ್ತಿಲ್ಲ’ ಅಂದರಂತೆ.

‘ಬಾಂಡ್ಲಿ ಹೊರೋಳು ನೀನು, ಬೆರಳಿನ ಉಸಾಬರಿ ನಿನಗ್ಯಾಕೆ?’ ಅಂದನಂತೆ ಅವನು.

ಆಕೆ ತಲೆ ಮೇಲಿನ ಬಾಂಡ್ಲಿ ಕೆಳಗಿಟ್ಟರು. ಅವ್ವನೂ ಇಟ್ಟಳು. ಇನ್ನೂ ನಾಲ್ಕು ಜನ ಇಟ್ಟರು. ಸಿಮೆಂಟು ಕಲೆಸಿ ಆಗಿತ್ತು, ಬಿಸಿಲು ಏರ್ತಿತ್ತು. ಅರ್ಧ ಗಂಟೆಯಲ್ಲಿ ಒಂದು ಗೋಣಿಚೀಲದ ತುಂಬಾ ಸಿಮೆಂಟಿನ ಬಿಲ್ಲೆಗಳು ಬಂದವು.